‘ಸ್ವಲ್ಪ ಜಾಸ್ತಿ’ ಐದು ಸಲ ಬಂದರೆ

ಓದುಗರ ಪತ್ರದ ಸಾರ: ನನಗೆ 46 ವರ್ಷ. ಶಾಲಾ ಶಿಕ್ಷಕ, ಊರು ಸೇಡಂ ಹತ್ತಿರ. ಹೋದ ತಿಂಗಳು ಅಣ್ಣನಿಗೆ ಹೃದಯಾಘಾತವಾಯಿತು. ಅವನಿಗೆ 51 ವರ್ಷ, ಸಣಕಲು ಆಳು. ಎದೆ ನೋಯಲೇ ಇಲ್ಲ. ಬೆವರು, ಸುಸ್ತು ಅಷ್ಟೇ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗಿದ್ದ. ‘ಹಳೇ ಸಕ್ಕರೆ ಕಾಯಿಲೆ, ಬಿಪಿ ಗುಳಿಗೆ ಬೇರೆ ಬಿಟ್ಟಿದ್ದಾರೆ’ ಎಂದರು ಡಾಕ್ಟರ್. ಹೆದರಿ ನಾನೂ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 108, ಬಿಪಿ 134/86, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36, ಎಲ್‌ಡಿಎಲ್ 112. ತೂಕ 66 ಕೆಜಿ, ಪ್ಯಾಂಟು 34. ‘ಸ್ವಲ್ಪ ಸ್ವಲ್ಪ ಜಾಸ್ತಿ, ಚಿಂತೆ ಬೇಡ’ ಎಂದರು ಡಾಕ್ಟರ್. ನಿಮ್ಮ ಹಿಂದಿನ ಸಂಚಿಕೆಯ ಹೃದಯದ ಲೇಖನದಲ್ಲಿ ಬರೀ ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) ವಿಷಯ ಇತ್ತು. ನನ್ನದು ಸರಿಯಾಗಿಯೇ ಇದೆಯಲ್ಲ? ಸಕ್ಕರೆಗೂ ಹೃದಯಕ್ಕೂ ಏನು ನಂಟು? ಜೋಳದ ರೊಟ್ಟಿ ತಿನ್ನುವ ನಮಗೆ ಇದೆಲ್ಲ ಯಾಕೆ ಬರುತ್ತದೆ? ನನಗೆ 39ರ ತಮ್ಮನೂ ಇದ್ದಾನೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಹಿಂದಿನ ಸಂಚಿಕೆಯ ಆ ಲೇಖನ ಅರ್ಧ ಕಥೆ ಮಾತ್ರ ಹೇಳಿತ್ತು. ಜಾಗ ಸಾಲದೆ ಉಳಿದರ್ಧಕ್ಕೆ ಕತ್ತರಿ ಹಾಕಿದವನು ನಾನೇ. ಬರೆದವರದು ತಪ್ಪಿಲ್ಲ. ಆ ಅರ್ಧವನ್ನು ಈಗ ನಿಮ್ಮ ಪತ್ರದ ನೆಪದಲ್ಲಿ ಹೇಳುತ್ತೇನೆ. ನಾನು ಡಾಕ್ಟರಲ್ಲ, ಔಷಧಿ ಬರೆಯುವುದಿಲ್ಲ. ಆದರೆ ನಿಮ್ಮ ವರದಿಯನ್ನು ಓದುವ ರೀತಿ ಬದಲಾಗಬೇಕು ಅಂತ ಧೈರ್ಯವಾಗಿ ಹೇಳಬಲ್ಲೆ.

ಪರೀಕ್ಷೆಯ ವರದಿಯನ್ನು ನಾವೆಲ್ಲ ಮಕ್ಕಳ ಅಂಕಪಟ್ಟಿಯ ಹಾಗೆ ಓದುತ್ತೇವೆ. ಈ ವಿಷಯದಲ್ಲಿ ಪಾಸು, ಆ ವಿಷಯದಲ್ಲಿ ಜಸ್ಟ್ ಪಾಸು. ಇದನ್ನು ಹಾಗೆ ಓದಬಾರದು. ನಿಮ್ಮ ಅಂಕಿಗಳನ್ನೇ ಹಿಡಿಯೋಣ. ಖಾಲಿ ಹೊಟ್ಟೆಯ ಸಕ್ಕರೆ 100 ಮುಟ್ಟಿದರೆ ಒಂದು ಗುರುತು. ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಆದರೆ ಇನ್ನೊಂದು. ರಕ್ತದಲ್ಲಿ ಓಡಾಡುವ ಕೊಬ್ಬು, ಟ್ರೈಗ್ಲಿಸರೈಡ್, 150 ಮುಟ್ಟಿದರೆ ಮೂರನೆಯದು. ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಇಳಿದರೆ ನಾಲ್ಕನೆಯದು. ಐದನೆಯದು ಸೊಂಟ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ಐದರಲ್ಲಿ ಮೂರು ಇದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ನಿಮಗೆ ಸೊಂಟ ಅಳೆಯುವ ಮೊದಲೇ ನಾಲ್ಕು ಬಂದಿವೆ. ಯಾವುದೂ ಭಾರೀ ಅಲ್ಲ, ನಿಜ. ಆದರೆ ಈ ಗುಂಪು ಒಟ್ಟಿಗಿದ್ದವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಐದು ಮನೆಗಳಿಂದ ಸ್ವಲ್ಪ ಸ್ವಲ್ಪ ಸಾಲ ತಂದವನಂತೆ ಇದು. ಯಾರಿಗೂ ದೊಡ್ಡ ಬಾಕಿ ಇಲ್ಲ ಅಂತ ಅವನು ನಿದ್ದೆ ಮಾಡುತ್ತಾನೆ.

ಈ ಐದೂ ಯಾಕೆ ಜೊತೆಯಾಗಿ ಬರುತ್ತವೆ? ಪತ್ರದಲ್ಲಿ ನೀವು ಕೇಳಿದ ನಂಟು ಇಲ್ಲೇ ಇದೆ. ಗೆರಾಲ್ಡ್ ರೀವನ್ ಎಂಬ ಅಮೆರಿಕದ ವೈದ್ಯರು 1988ರ ಒಂದು ಉಪನ್ಯಾಸದಲ್ಲಿ ಇವನ್ನು ಒಂದೇ ಎಳೆಯಲ್ಲಿ ಪೋಣಿಸಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು. ಆ ಎಳೆ ಇನ್ಸುಲಿನ್. ಊಟದ ಮೇಲೆ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಅಂತ ಸ್ನಾಯುಗಳನ್ನು ಕೂಗುವುದು ಅದೇ. ಒಂದು ಕೂಗಿಗೆ ಓಗೊಡುತ್ತಿದ್ದ ಮಗ ದೊಡ್ಡವನಾದ ಮೇಲೆ ನಾಲ್ಕು ಸಲ ಕೂಗಿದರೂ ಏಳದ ಹಾಗೆ, ಹೊಟ್ಟೆಯಲ್ಲಿ ಬೊಜ್ಜು ಕೂತಂತೆ ಸ್ನಾಯುಗಳಿಗೆ ಈ ಕೂಗು ಕೇಳಿಸದಾಗುತ್ತದೆ. ಆಗ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ಎಷ್ಟೋ ವರ್ಷ ಹೀಗೆ ಕೂಗಿಯೇ ಸಕ್ಕರೆಯನ್ನು ಹದದಲ್ಲಿ ಇಡುತ್ತದೆ. ವರದಿಯಲ್ಲಿ ‘ನಾರ್ಮಲ್’ ಅಂತ ಬರುತ್ತಿರುತ್ತದೆ.

ತೊಂದರೆ ಏನೆಂದರೆ, ಮನೆಯಲ್ಲಿ ಎಲ್ಲರೂ ಕಿವುಡರಲ್ಲ. ಮೂತ್ರಪಿಂಡಕ್ಕೆ ಆ ಕೂಗು ಚೆನ್ನಾಗಿಯೇ ಕೇಳಿಸುತ್ತದೆ. ಅದು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಲಿವರ್ ಅರ್ಧ ಮಾತು ಮಾತ್ರ ಕೇಳುತ್ತದೆ. ‘ಸಕ್ಕರೆ ಮಾಡುವುದು ನಿಲ್ಲಿಸು’ ಅಂದರೆ ಕೇಳುವುದಿಲ್ಲ. ‘ಕೊಬ್ಬು ಮಾಡು’ ಅನ್ನುವುದನ್ನು ಮಾತ್ರ ಶಿಸ್ತಾಗಿ ಪಾಲಿಸುತ್ತದೆ. ಆ ಕೊಬ್ಬು ರಕ್ತಕ್ಕಿಳಿದರೆ ಟ್ರೈಗ್ಲಿಸರೈಡ್, ಅಲ್ಲೇ ಕೂತರೆ ಫ್ಯಾಟಿ ಲಿವರ್. ಟ್ರೈಗ್ಲಿಸರೈಡ್ ಏರಿದರೆ ಎಚ್‌ಡಿಎಲ್ ಇಳಿಯುತ್ತದೆ.

ನಿಮ್ಮ ಎಲ್‌ಡಿಎಲ್ 112ರ ಗುಟ್ಟೂ ಇಲ್ಲೇ ಇದೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಚಿಕ್ಕವಾಗಿ, ಒತ್ತಾಗಿ, ಎಣಿಕೆಯಲ್ಲಿ ಹೆಚ್ಚಾಗಿ ಇರುತ್ತವೆ. ಒಂದು ಚೀಲ ತೊಗರಿಯೂ ಒಂದು ಚೀಲ ಸಾಸಿವೆಯೂ ತೂಕದಲ್ಲಿ ಒಂದೇ ಇರಬಹುದು. ಕಾಳು ಎಣಿಸಿದರೆ ಒಂದೇನಾ? ರಕ್ತನಾಳದ ಗೋಡೆಗೆ ನುಗ್ಗುವುದು ಕಾಳು, ತೂಕವಲ್ಲ. ಅದಕ್ಕೇ ಡಾಕ್ಟರುಗಳು ನಾನ್-ಎಚ್‌ಡಿಎಲ್ ನೋಡುತ್ತಾರೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆದರೆ ಆಯಿತು, ಬೇರೆ ಪರೀಕ್ಷೆ ಬೇಕಿಲ್ಲ. ನಿಮ್ಮ ಒಟ್ಟು 190ರ ಆಸುಪಾಸು ಇರಬೇಕು. ಅಂದರೆ ನಾನ್-ಎಚ್‌ಡಿಎಲ್ 154. ಸಾಮಾನ್ಯವಾಗಿ 130ಕ್ಕಿಂತ ಕೆಳಗಿದ್ದರೆ ಒಳ್ಳೆಯದು ಎನ್ನುತ್ತಾರೆ. ‘ನನ್ನದು ಸರಿಯೇ ಇದೆ’ ಅನ್ನುವ ಮಾತನ್ನು ಈಗ ಹಿಂದೆ ತಗೊಳ್ತೀರಾ?

ಇನ್ನು ಅಣ್ಣನ ವಿಷಯ. ಸಣಕಲು ಆಳಿಗೆ ಹೇಗೆ ಬಂತು ಅಂತ ನಿಮಗೆ ಆಶ್ಚರ್ಯ. ನೀವು ತೊಗರಿ ಸೀಮೆಯವರು, ನೆಟೆ ರೋಗ ನೋಡಿಯೇ ಇರುತ್ತೀರಿ. ಹೂವು, ಕಾಯಿ ಬಿಡುವ ಹೊತ್ತಿಗೆ, ನೆಲದಲ್ಲಿ ತೇವ ಇದ್ದರೂ ಗಿಡ ಬಾಡಿ ನಿಲ್ಲುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ನೀರು ಏರುವ ನಾಳಗಳೇ ಕಟ್ಟಿಕೊಂಡಿರುತ್ತವೆ. ಹೋದ ವಾರ ಹಸಿರಾಗಿತ್ತಲ್ಲ ಅಂತ ರೈತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಮನುಷ್ಯನ ತೂಕವೂ ಹಾಗೆಯೇ, ಮೇಲಿನ ಹಸಿರು ಅಷ್ಟೇ.

ಇದಕ್ಕೊಂದು ಮಜವಾದ ಪುರಾವೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಎತ್ತರ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ಬಿಎಂಐ 22.3. ಕೊಬ್ಬು ಅಳೆದು ನೋಡಿದರೆ ಯುಡ್ಕಿನ್ ಅವರಲ್ಲಿ ಶೇ 9.1, ನಮ್ಮ ಯಾಜ್ಞಿಕ್ ಅವರಲ್ಲಿ ಶೇ 21.2! ಕೈಕಾಲು ಸಣ್ಣ, ಕೊಬ್ಬು ಒಳಗೆ. ನಮ್ಮ ಜನರ ಮೈಕಟ್ಟೇ ಹಾಗೆ. ಹೃದಯಾಘಾತದ ಬಗ್ಗೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ಕ್ಕೆ, ಬೇರೆಯವರಿಗೆ ಸುಮಾರು 59ಕ್ಕೆ. ನಿಮ್ಮ ಅಣ್ಣ ಏನೂ ವಿಚಿತ್ರವಲ್ಲ, ಈ ಸಾಲಿನಲ್ಲೇ ಇದ್ದಾರೆ.

ಎದೆ ನೋಯಲಿಲ್ಲ ಅಂದಿರಿ. ಬಹಳ ವರ್ಷದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ, ನೋವಿನ ಸುದ್ದಿ ತರುವವನೇ ಇರುವುದಿಲ್ಲ. ಅಂಥವರಲ್ಲಿ ಹೃದಯಾಘಾತ ಬೆವರಾಗಿ, ಏದುಸಿರಾಗಿ, ಹೊಟ್ಟೆ ತೊಳೆಸಿದ ಹಾಗೆ ಬರಬಹುದು. ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್. ಎಷ್ಟು ಜನ ಈ ಎರಡಕ್ಷರಕ್ಕೆ ಬಲಿಯಾದರೋ! ಸಕ್ಕರೆ ಇರುವವರಿಗೆ ಕಾರಣವಿಲ್ಲದೆ ತಣ್ಣಗೆ ಬೆವರಿದರೆ ಸೋಡಾ ಬೇಡ, ಇಸಿಜಿ ಬೇಕು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಬೇಕಿದ್ದವರಿಗೆ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಬೆಂಗಳೂರಿನ ರೈಲು ಕಾಯಬೇಕಿಲ್ಲ. ಆದರೂ ನಿಮ್ಮೂರಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಸಿಗುತ್ತದೆ ಅಂತ ಈಗಲೇ, ಎಲ್ಲರೂ ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ಜೋಳದ ರೊಟ್ಟಿಯ ಪ್ರಶ್ನೆ ಓದಿ ನಗು ಬಂತು. ನಾನೂ ಹಾಗೇ ನಂಬಿದವನು. ನಾಲ್ಕು ವರ್ಷದ ಹಿಂದೆ ಒಂದು ಉಚಿತ ಶಿಬಿರದಲ್ಲಿ ಬೆರಳು ಚುಚ್ಚಿ ‘ನಿಮಗೆ ಶುಗರ್ ಇಲ್ಲ’ ಅಂದರು. ಅಂಕಿ 132. ಊಟ ಯಾವಾಗ ಮಾಡಿದ್ದೆ ಅಂತ ಕೂಡ ಕೇಳಲಿಲ್ಲ. ಆ ಖುಷಿಗೆ ದಾರಿಯಲ್ಲೇ ಎರಡು ಪ್ಲೇಟ್ ಮಿರ್ಚಿ ತಿಂದು ಮನೆಗೆ ಬಂದೆ. ಮುಂದಿನ ವರ್ಷ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿದರೆ 6.3. 5.7ರಿಂದ 6.4ರ ತನಕ ಸಕ್ಕರೆ ಕಾಯಿಲೆಯ ಹೊಸ್ತಿಲು. ಹೊಸ್ತಿಲ ಮೇಲೆ ನಿಂತು ನಾನು ಮಿರ್ಚಿ ತಿಂದಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ವರದಿಯ ಪ್ರಕಾರ ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಈ ಹೊಸ್ತಿಲಲ್ಲಿ ಇನ್ನೂ 13 ಕೋಟಿಗಿಂತ ಹೆಚ್ಚು.

ರೊಟ್ಟಿ ತಪ್ಪು ಮಾಡಿಲ್ಲ, ಮೇಷ್ಟ್ರೇ. ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಮೊಸರು ಒಳ್ಳೆಯ ಊಟವೇ. ಆದರೆ ಅದು ತಾಯಿತ ಅಲ್ಲ. ಅಜ್ಜ ನಾಲ್ಕು ರೊಟ್ಟಿ ತಿಂದು ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ. ನಾವು ನಾಲ್ಕು ರೊಟ್ಟಿಯ ಮೇಲೆ ಅನ್ನವನ್ನೂ ತಿಂದು ಕುರ್ಚಿಯಲ್ಲಿ ಕೂರುತ್ತೇವೆ. ಬೆಳಿಗ್ಗೆ ನಷ್ಟಾಕ್ಕೆ ಸುಸ್ಲಾ ಮಿರ್ಚಿ. ದಿನಕ್ಕೆ ಐದು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೂ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಚಾದಲ್ಲೇ ಎರಡು ದಿನದ್ದು ಮುಗಿಯಿತು. ಉಪ್ಪಿನಕಾಯಿ, ಹಿಂಡಿಯ ಉಪ್ಪಿನ ಲೆಕ್ಕ ಇನ್ನೊಮ್ಮೆ ಹೇಳುತ್ತೇನೆ. ಗುಟ್ಕಾ, ತಂಬಾಕಿನ ಬಗ್ಗೆ ನೀವು ಬರೆದಿಲ್ಲ. ಇದ್ದರೆ ಮೊದಲು ಬಿಡಬೇಕಾದ್ದು ಅದು. ಹೊಗೆ ಇಲ್ಲದಿದ್ದರೂ ಅಗಿಯುವ ತಂಬಾಕು ಹೃದಯಕ್ಕೆ ಕೆಟ್ಟದ್ದೇ.

ಏನು ಮಾಡಬೇಕು ಅಂದರೆ, ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಡೆನ್ಮಾರ್ಕಿನಲ್ಲಿ ಸ್ಟೆನೊ-2 ಎಂಬ ಅಧ್ಯಯನ ನಡೆಯಿತು. ಸಕ್ಕರೆ ಕಾಯಿಲೆ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗಿದ್ದ 160 ಜನ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಸಕ್ಕರೆ, ಬಿಪಿ, ಕೊಬ್ಬು, ಊಟ, ನಡಿಗೆ ಎಲ್ಲದರ ಮೇಲೂ ಒಟ್ಟಿಗೆ ಬಿಗಿ. ಸುಮಾರು ಎಂಟು ವರ್ಷಕ್ಕೆ ಎರಡನೇ ಗುಂಪಿನಲ್ಲಿ ಹೃದಯ, ಪಾರ್ಶ್ವವಾಯುವಿನ ಅಪಾಯ ಅರ್ಧಕ್ಕೆ ಇಳಿದಿತ್ತು. ನಿಮ್ಮ ಅಣ್ಣ ಬಿಟ್ಟ ಬಿಪಿ ಗುಳಿಗೆ ಇಲ್ಲಿ ನೆನಪಾಗುತ್ತದೆ. ಬಿಪಿ ನಾರ್ಮಲ್ ಬಂತು ಅಂತ ಬಿಟ್ಟಿರಬೇಕು. ಅದು ನಾರ್ಮಲ್ ಆಗಿದ್ದು ಗುಳಿಗೆಯಿಂದ. ಮಳೆಯಲ್ಲಿ ಛತ್ರಿ ಹಿಡಿದು ‘ಒದ್ದೆಯಾಗಿಲ್ಲ, ಛತ್ರಿ ಯಾಕೆ’ ಅಂತ ಮಡಚಿದ ಹಾಗಾಯಿತು.

ನೀವಿನ್ನೂ ಹೊಸ್ತಿಲಲ್ಲಿದ್ದೀರಿ, ಅದೇ ನಿಮ್ಮ ಅದೃಷ್ಟ. ಹೊಸ್ತಿಲಲ್ಲಿದ್ದವರು ತೂಕದಲ್ಲಿ ಶೇ 7 ಇಳಿಸಿ ವಾರಕ್ಕೆ 150 ನಿಮಿಷ ನಡೆಯಲಿ ಅಂತ ಗುರಿ ಇಟ್ಟು ಅಮೆರಿಕದಲ್ಲಿ ನೋಡಿದರು. ಸಕ್ಕರೆ ಕಾಯಿಲೆ ಶೇ 58ರಷ್ಟು ಕಡಿಮೆಯಾಯಿತು. ಚೆನ್ನೈನಲ್ಲಿ ನಮ್ಮವರ ಮೇಲೆ ಮಾಡಿದಾಗ ಶೇ 28ರ ಹತ್ತಿರ. ಅದೂ ಸಣ್ಣದಲ್ಲ. ಈ ಬಿಸಿಲಿನಲ್ಲಿ ಎಲ್ಲಿ ನಡೆಯೋದು ಅಂತೀರಿ. ಬೆಳಿಗ್ಗೆ ಐದೂವರೆಗೆ ಏಳಿ. ನಾನು ಆ ಹೊತ್ತಿಗೆ ಕಲಬುರಗಿಯ ಅಪ್ಪನ ಕೆರೆಯ ಹತ್ತಿರ ಇರುತ್ತೇನೆ, ಮುಕ್ಕಾಲು ಪಾಲು ಜನ ಅಲ್ಲಿ ನಡೆಯುವುದಕ್ಕಿಂತ ಮಾತಾಡುವುದೇ ಜಾಸ್ತಿ. ರಾತ್ರಿ ಊಟದ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡಿದರೂ ಸಕ್ಕರೆ ಏರುವುದು ತಗ್ಗುತ್ತದೆ. ವರದಿ ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ. ‘ಅಣ್ಣನಿಗೆ 51ಕ್ಕೆ ಆಗಿದೆ’ ಅಂತ ಮೊದಲ ಮಾತಿಗೇ ಹೇಳಿ. ಎಚ್‌ಬಿಎ1ಸಿ, ಮೂತ್ರದಲ್ಲಿ ಹೋಗುವ ಪ್ರೋಟೀನ್ ತೋರಿಸುವ ಅಲ್ಬುಮಿನ್ ಪರೀಕ್ಷೆ ಬೇಕಾ, ಕೊಬ್ಬಿನ ಗುಳಿಗೆ ಬೇಕಾ ಅಂತ ಅವರನ್ನೇ ಕೇಳಿ. ನಿಮ್ಮ ಮನೆಯವರಿಗೆ ಬಸುರಿಯಾಗಿದ್ದಾಗ ಸಕ್ಕರೆ ಬಂದು ಹೋಗಿದ್ದರೆ ಅವರಿಗೂ ಪರೀಕ್ಷೆ ಮಾಡಿಸಿ. ಹೆರಿಗೆಯಾದ ಮೇಲೆ ಹೋಯಿತು ಅಂತ ಮರೆಯುವ ವಿಷಯ ಅಲ್ಲ ಅದು.

ಪತ್ರದ ಕೊನೆಯಲ್ಲಿ 39ರ ತಮ್ಮನೂ ಇದ್ದಾನೆ ಅಂತ ಒಂದೇ ಸಾಲು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಇಬ್ಬರೂ ಸೊಂಟ ಅಳೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ನೋಡಬೇಕು. ಹೊಟ್ಟೆ ಒಳಗೆಳೆದುಕೊಳ್ಳುವ ಹಾಗಿಲ್ಲ. ಟೇಪು ಇಲ್ಲದಿದ್ದರೆ ದರ್ಜಿ ಅಂಗಡಿಗೆ ಹೋಗಿ. ಬಂದ ಅಂಕಿ ನನಗೆ ಬರೆದು ಕಳಿಸಿ. ಪ್ಯಾಂಟಿನ ಅಳತೆ ಮಾತ್ರ ಬೇಡ, ಅದನ್ನು ನಾವೆಲ್ಲ ಹೊಟ್ಟೆಯ ಕೆಳಗೆ ಕಟ್ಟುತ್ತೇವೆ.