ಮರೆವಿಗೆ ಕಾವಲು ಕೂತವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 62. ಲೆಕ್ಕಪತ್ರದ ಕೆಲಸದಿಂದ ನಿವೃತ್ತರು, ಮನೆ ಬಾಗಲಕೋಟೆಯ ನವನಗರ. ಮಗನ ಜೊತೆ ನಮ್ಮ ಬಳಿ ಸಲಹೆಗೆ ಬಂದವರು ಕೂಡುವ ಮೊದಲೇ ಅಂದರು: "ತಲಿ ಖಾಲಿ ಆಗಾಕತ್ತೈತ್ರಿ. ನಮ್ಮವ್ವಗ ಬಂದಿದ್ದು ನನಗೂ ಬಂತು." ತಾಯಿಗೆ ಕೊನೆಗಾಲದಲ್ಲಿ ಅರಳುಮರಳಿತ್ತು.

ಹಿಂದಿನ ವಾರ ಏನೇನು ಮರೆತಿರಿ ಎಂದು ಕೇಳಿದರೆ ಹನ್ನೊಂದು ಪ್ರಸಂಗಗಳನ್ನು ದಿನ, ವೇಳೆ ಸಮೇತ ಬಾಯಿಂದಲೇ ಹೇಳಿದರು. ಡಿಮೆನ್ಶಿಯಾ ಎನ್ನುವ ಈ ಅರಳುಮರಳಿನ ಕಾಯಿಲೆಯಲ್ಲಿ ಬಹುಮಟ್ಟಿಗೆ ಮರೆತದ್ದೂ ಮರೆತಿರುತ್ತದೆ, ದೂರು ತರುವವರು ಮನೆಯವರು. ಇಲ್ಲಿ ಮಗನಿಗೆ ಅಷ್ಟೇನೂ ಚಿಂತೆಯಿಲ್ಲ. ಗೊತ್ತಿದ್ದ ದಾರಿ ತಪ್ಪಿಲ್ಲ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದಿಲ್ಲ, ಕಿರಾಣಿ ಲೆಕ್ಕ ಪೈಸೆ ಹೆಚ್ಚುಕಡಿಮೆಯಾಗಿಲ್ಲ.

ಆದರೂ ಮಾತಿನ ಮೇಲೆ ತೀರ್ಮಾನ ಮಾಡುವಂತಿಲ್ಲ. ಫಿಜಿಷಿಯನ್ ಬಳಿ ಕಳಿಸಿ ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಬಿಪಿ, ಕಿವಿ ಪರೀಕ್ಷೆ ಮಾಡಿಸಲಾಯಿತು. ಇವರು ಶಾಖಾಹಾರಿ, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದಾರೆ. ಎರಡರಿಂದಲೂ ಬಿ12 ಇಳಿಯಬಹುದು, ಇಳಿದಿತ್ತು. ವೈದ್ಯರು ಚುಚ್ಚುಮದ್ದು ಶುರುಮಾಡಿದರು. ಎರಡೂ ಕಿವಿ ಕೊಂಚ ಮಂದ. ಹೆಂಡತಿ ಅಡುಗೆಮನೆಯಿಂದ ಹೇಳಿ "ಮರೆತಿರಿ" ಎಂದು ಬೈಸಿಕೊಂಡ ಮಾತುಗಳಲ್ಲಿ ಎಷ್ಟೋ ಇವರ ಕಿವಿಗೇ ಬಿದ್ದಿರಲಿಲ್ಲ! ಲ್ಯಾನ್ಸೆಟ್ ವೈದ್ಯಪತ್ರಿಕೆಯ 2024ರ ತಜ್ಞರ ಆಯೋಗ ಡಿಮೆನ್ಶಿಯಾಕ್ಕೆ ಪಟ್ಟಿಮಾಡಿದ, ನಾವು ಸರಿಪಡಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವಿ ಮಂದವಾಗುವುದೂ ಒಂದು.

ಹೆಚ್ಚು ಕೆಲಸ ಬೇಕಾದದ್ದು ನಿದ್ದೆಗೆ. ಒಂದು ವಾರ ಬರೆದಿಡಲು ಹೇಳಿದೆವು. ರಾತ್ರಿ 9ಕ್ಕೆ ಹಾಸಿಗೆ, ಬೆಳಿಗ್ಗೆ 5.30ಕ್ಕೆ ಏಳುವುದು, ನಿಜವಾದ ನಿದ್ದೆ ಸುಮಾರು ಐದು ತಾಸು. ಉಳಿದ ಮೂರೂವರೆ ತಾಸು ಹೊರಳಾಟ, ಮೊಬೈಲ್. ಮಧ್ಯಾಹ್ನ ರೊಟ್ಟಿ ಉಂಡು ಎರಡು ತಾಸು ಮಲಗುತ್ತಿದ್ದರು. ದಿನಕ್ಕೆ ಆರು ಕಪ್ ಚಹಾ, ಕೊನೆಯದು ಸಂಜೆ ಏಳೂವರೆಗೆ. ಕೆಫೀನಿನ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು, ಅಂದರೆ ಆ ಚಹಾದ ಅರ್ಧಪಾಲು ನಡುರಾತ್ರಿಗೂ ಎಚ್ಚರವಿರುತ್ತದೆ.

ಸಲಹೆ ಅವರಿಗೆ ವಿಚಿತ್ರ ಅನಿಸಿತು: ತಡವಾಗಿ ಮಲಗಿ. ರಾತ್ರಿ 11.15ರಿಂದ 5.15, ಅಷ್ಟೇ. ಅಂದಾಜು ಇಪ್ಪತ್ತು ನಿಮಿಷವಾಯಿತು ಅನಿಸಿಯೂ ನಿದ್ದೆ ಬರದಿದ್ದರೆ ಎದ್ದು ಪಡಸಾಲೆಯಲ್ಲಿ ಕೂಡುವುದು, ತೂಕಡಿಕೆ ಬಂದಾಗಲೇ ಮರಳುವುದು. ಗಡಿಯಾರ ನೋಡಬಾರದು. ವಾರದ ಸರಾಸರಿ ಐದು ತಾಸು ಹತ್ತು ನಿಮಿಷ ದಾಟಿದರೆ 15 ನಿಮಿಷ ಮುಂಚೆ ಮಲಗಬಹುದು. ಮೊದಲ ವಾರ ಹಗಲು ಜೊಂಪು ಹತ್ತುವುದರಿಂದ ಗಾಡಿ ಓಡಿಸಬಾರದೆಂದೂ ಹೇಳಿದೆವು. ಮೂರ್ಛೆರೋಗ, ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಇದ್ದವರಿಗೆ ಈ ಕ್ರಮ ಬೇಡ. ಎರಡನೇ ವಾರ ಎಲ್ಲ ಕೆಟ್ಟಿತು, ಯಾಕೆಂದರೆ ಮಧ್ಯಾಹ್ನದ ನಿದ್ದೆ ಬಿಟ್ಟಿರಲಿಲ್ಲ. ಮಲಗುವುದಿದ್ದರೆ ಮಧ್ಯಾಹ್ನ ಎರಡು ಗಂಟೆಗೆ ಮುಂಚೆ 20 ನಿಮಿಷ, ಅಲಾರಂ ಇಟ್ಟು, ಎಂದ ಮೇಲೆ ಹಾದಿಗೆ ಬಂತು.

ಮಗ ಕೊನೆಗೆ ಹೇಳಿದ ಸಂಗತಿ ಬೇರೆ. ಅಪ್ಪ ದಿನಾ ಮುಂಜಾನೆ ಹಳೆಯ ಸಾಹೇಬರುಗಳ ಹೆಸರು ಸಾಲಾಗಿ ಒಪ್ಪಿಸಿಕೊಳ್ಳುತ್ತಾರೆ, ಒಂದು ತಪ್ಪಿದರೆ ಆ ದಿನ ಊಟ ರುಚಿಸದು. ಭಯದಲ್ಲಿ ಹುಡುಕಿದ ಹೆಸರು ಯಾರಿಗೂ ಚಟ್ಟನೆ ಸಿಗುವುದಿಲ್ಲ. ಸಿಗದಿದ್ದಕ್ಕೆ ಭಯ ಹೆಚ್ಚುತ್ತದೆ. ಹೆಸರು ಒಪ್ಪಿಸುವ ಈ ಪರೀಕ್ಷೆ ನಿಲ್ಲಿಸಿ, ಚಿಂತೆಗೆ ಸಂಜೆ 5ಕ್ಕೆ 15 ನಿಮಿಷ ಮತ್ತು ಒಂದು ವಹಿ ಮೀಸಲಿಡಲಾಯಿತು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ಐದಕ್ಕ ಬಾ" ಎನ್ನುವುದು. ಚಾವಿ, ಕನ್ನಡಕಕ್ಕೆ ಬಾಗಿಲ ಪಕ್ಕ ಒಂದೇ ಗೂಡು.

ಸುಡೊಕು ಬಿಡಿಸಲೇ ಎಂದು ಕೇಳಿದರು. ಬಿಡಿಸಿ, ಅದರಿಂದ ಸುಡೊಕು ಚೆನ್ನಾಗಿ ಬರುತ್ತದೆ, ಅಷ್ಟೇ. ಅದಕ್ಕಿಂತ ನಡಿಗೆ ಮೇಲು: ವಾರಕ್ಕೆ ಐದು ದಿನ 30 ನಿಮಿಷ, ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಬಿರುಸು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ. ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದ ಮೇಲೆ ಅಲ್ಲಿನ ಓಣಿಯ ಗೆಳೆಯರು ನವನಗರದಲ್ಲಿ ಸೆಕ್ಟರಿಗೊಬ್ಬರಂತೆ ಚದುರಿದ್ದಾರೆ, ವಾರದಲ್ಲಿ ಎರಡು ದಿನ ನಡಿಗೆ ಅವರ ಮನೆಗೇ ಎಂದು ಗೊತ್ತುಮಾಡಿದೆವು.

ಎಂಟನೇ ವಾರಕ್ಕೆ ನಿದ್ದೆ ಆರು ತಾಸು ದಾಟಿದೆ. ಶ್ರವಣಯಂತ್ರಕ್ಕೆ ಮಾತ್ರ "ಮುದುಕ ಕಾಣ್ತೀನ್ರಿ" ಎಂದು ಒಪ್ಪಿಲ್ಲ. ಮೂರು ತಿಂಗಳಿಗೆ ಮತ್ತೆ ಕರೆದಿದೆ. ಅಲ್ಲಿಯವರೆಗೆ ಮನೆಯವರು ಟಿವಿ ಸದ್ದು ಇಳಿಸಿ, ಎದುರಿಗೆ ಬಂದು ಮಾತಾಡಬೇಕು.