ಸೇದಿದವನಿಗೆ ಶಿಕ್ಷೆ ಬೇಡ, ಮಾರುವ ಅಂಗಡಿಯೂ ಬೇಡ

ಕೆನಡಾ, ಜರ್ಮನಿ ಹಾಗೂ ಅಮೆರಿಕದ ಹಲವು ರಾಜ್ಯಗಳು ಮೋಜಿಗಾಗಿ ಗಾಂಜಾ ಬಳಸಲು ಅನುಮತಿ ಕೊಟ್ಟಿರುವಾಗ, ಶಿವರಾತ್ರಿಗೆ ಭಂಗಿ ಕುಡಿಯುವ ಪದ್ಧತಿ ಇರುವ ಭಾರತವೇ ಅದನ್ನು ಏಕೆ ನಿಷೇಧಿಸಿದೆ, ನಾವೂ ಕಾನೂನುಬದ್ಧಗೊಳಿಸಬೇಕಲ್ಲವೇ ಎಂದು ಕೇಳಿದ್ದೀರಿ. ನಾನು ಜಿಲ್ಲಾ ನ್ಯಾಯಾಲಯವೊಂದರಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲೆ. ಗಾಂಜಾ ಪ್ರಕರಣಗಳಲ್ಲಿ ಆರೋಪಿಗಳ ಪರವಾಗಿ ವಾದಿಸುವುದು ನನ್ನ ಕೆಲಸದ ಒಂದು ಭಾಗ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ ಎಂದು ನನಗನಿಸುತ್ತದೆ. ಗಾಂಜಾ ಸೇದಿದವನನ್ನು ಅಪರಾಧಿಯೆಂದು ಕಾಣಬೇಕೇ ಎಂಬುದು ಮೊದಲನೆಯದು. ಅದನ್ನು ಅಂಗಡಿಯಲ್ಲಿಟ್ಟು ಮಾರಲು ಬಿಡಬೇಕೇ ಎಂಬುದು ಎರಡನೆಯದು. ಎರಡಕ್ಕೂ ನನ್ನ ಉತ್ತರ ಬೇಡ ಎಂದೇ, ಆದರೆ ಎರಡರ ಕಾರಣಗಳು ಬೇರೆ ಬೇರೆ.

ಮೊದಲು ಕಾನೂನಿನ ಸ್ಥಿತಿಯನ್ನು ಹೇಳುತ್ತೇನೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಆಯೋಗವೊಂದು ಸುಮಾರು 1,200 ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂತಹ ಹಾನಿ ಇಲ್ಲ, ಸಂಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ಪರವಾನಗಿಯ ಮೂಲಕ ನಿಯಂತ್ರಿಸುವುದೇ ಸರಿ ಎಂದು ವರದಿ ಕೊಟ್ಟಿತ್ತು. ಮುಂದೆ 1961ರ ವಿಶ್ವಸಂಸ್ಥೆಯ ಒಪ್ಪಂದವು ವೈದ್ಯಕೀಯವಲ್ಲದ ಗಾಂಜಾ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂದು ವಿಧಿಸಿತು. ಆ ಗಡುವು ಹತ್ತಿರ ಬರುತ್ತಿದ್ದಾಗ, 1985ರಲ್ಲಿ, ನಮ್ಮ ಸಂಸತ್ತು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಅದರ ವ್ಯಾಖ್ಯೆಗೆ ಬರುವುದಿಲ್ಲ. ಆದ್ದರಿಂದಲೇ ಎಲೆಯಿಂದ ಮಾಡುವ ಭಂಗಿ ಉಳಿದುಕೊಂಡಿತು. ಬೆಂಗಳೂರಿನಲ್ಲಿ 29 ಕೆ.ಜಿ. ಭಂಗಿಯೊಂದಿಗೆ ಸಿಕ್ಕ ವ್ಯಕ್ತಿಯೊಬ್ಬರಿಗೆ 2022ರಲ್ಲಿ ಜಾಮೀನು ನೀಡುವಾಗ ಕರ್ನಾಟಕ ಹೈಕೋರ್ಟ್ ಕೂಡ ಭಂಗಿಯು ಈ ಕಾಯ್ದೆಯಡಿ ನಿಷೇಧಿತವಲ್ಲ ಎಂದು ಹೇಳಿತು. ಅಂದರೆ ಒಂದೇ ಗಿಡದ ಎಲೆ ಕುಡಿದವನು ಮನೆಗೆ ಹೋಗುತ್ತಾನೆ, ಹೂವು ಸೇದಿದವನು ಠಾಣೆಗೆ ಹೋಗುತ್ತಾನೆ. ಸೇವನೆಗಷ್ಟೇ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಒಂದು ಕೆ.ಜಿ.ವರೆಗೆ ಇಟ್ಟುಕೊಂಡಿದ್ದರೆ ಒಂದು ವರ್ಷದವರೆಗೆ, 20 ಕೆ.ಜಿ. ಮೀರಿದರೆ ಕನಿಷ್ಠ ಹತ್ತು ವರ್ಷ. ಬೆಳೆದರೆ ಪ್ರಮಾಣದ ಲೆಕ್ಕವೇ ಇಲ್ಲ, ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಬಹುದು.

ಈ ಕಾಯ್ದೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದ ಮೇಲೆಯೇ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ತೊಗರಿ ಅಥವಾ ಹತ್ತಿಯ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆದ ರೈತನ ಹೊಲಕ್ಕೆ ಪೊಲೀಸರು ಪಂಚರೊಂದಿಗೆ ಬರುತ್ತಾರೆ, ಗಿಡಗಳನ್ನು ಬುಡಸಹಿತ ಕಿತ್ತು ತೂಗುತ್ತಾರೆ. ಪಂಚನಾಮೆಯಲ್ಲಿ ಬರೆಯುವ ತೂಕದೊಳಗೆ ಹಸಿ ಕಾಂಡ, ಎಲೆ, ಬೇರು, ಎಷ್ಟೋ ಸಲ ಬೇರಿಗೆ ಅಂಟಿದ ಮಣ್ಣೂ ಸೇರಿರುತ್ತದೆ. ಕಾಯ್ದೆ ಗಾಂಜಾ ಎಂದು ಕರೆಯುವ ಹೂವಿನ ತುದಿಯನ್ನು ಬೇರ್ಪಡಿಸಿ ತೂಗಿದ್ದರೆ ಎಷ್ಟಾಗುತ್ತಿತ್ತು ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. ಬೆಳೆದ ಆರೋಪದ ಜೊತೆಗೆ ಇಟ್ಟುಕೊಂಡ ಆರೋಪವೂ ಸೇರಿ, ತೂಕ 20 ಕೆ.ಜಿ. ದಾಟಿತೆಂದರೆ ಕಾಯ್ದೆಯ 37ನೇ ಕಲಂ ಎದುರಾಗುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು ಜಾಮೀನು ಸಿಗುವುದಿಲ್ಲ. ಮಣ್ಣಿನ ತೂಕದ ಮೇಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯ ನಿಂತಿರುವುದನ್ನು ಕಂಡಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಊರಿನ ಕಥೆ ಹಾಗಾದರೆ ನಗರದ್ದು ಬೇರೆ. ಒಂದು ಪ್ರಕರಣವನ್ನೇ ಹೇಳುತ್ತೇನೆ. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಸ್ನೇಹಿತನ ಬಾಡಿಗೆ ಕೋಣೆಯಲ್ಲಿದ್ದಾಗ ದಾಳಿಯಾಯಿತು. ಅವನ ಬಳಿ ಏನೂ ಸಿಗಲಿಲ್ಲ, ಆದರೆ ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಅಂಶ ಕಂಡುಬಂತು. ಈ ಪರೀಕ್ಷೆ ಪತ್ತೆ ಮಾಡುವ ಅಂಶವು ನಿತ್ಯ ಸೇದುವವರ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆತ ಎಲ್ಲಿ ಸೇದಿದ, ಯಾವಾಗ ಸೇದಿದ ಎಂಬುದನ್ನು ಅದು ಹೇಳಲಾರದು. ಅವನ ತಂದೆ ನನ್ನ ಕಚೇರಿಗೆ ಬಂದು ಕೇಳಿದ್ದು ಒಂದೇ ಮಾತು: "ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದಲ್ಲವೇ ಮೇಡಂ?" ಆ ದಿನಕ್ಕೆ ಮುಗಿಯುತ್ತದೆ, ನಿಜ. ಆದರೆ ತಪ್ಪೊಪ್ಪಿಗೆಯ ಮೇಲೆ ಆಗುವ ಶಿಕ್ಷೆಯೂ ಶಿಕ್ಷೆಯೇ, ಮುಂದೆ ಸರ್ಕಾರಿ ಉದ್ಯೋಗಕ್ಕೆ ಪೊಲೀಸ್ ಪರಿಶೀಲನೆ ನಡೆದಾಗ ಅದು ಎದ್ದು ಬರುತ್ತದೆ ಎಂದು ವಿವರಿಸುವಷ್ಟರಲ್ಲಿ ಆ ಮನುಷ್ಯ ಕುಸಿದು ಕುಳಿತರು. ಅಮಲಿಗಿಂತ ದೀರ್ಘಕಾಲ ಬಾಧಿಸುವ ಶಿಕ್ಷೆ ಇದು.

ಕಾಯ್ದೆಯಲ್ಲಿ ಕರುಣೆಯ ಬಾಗಿಲೊಂದಿದೆ. ಸ್ವಯಂಪ್ರೇರಿತನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಯನ್ನು ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪಕ್ಕಾಗಿ ವಿಚಾರಣೆಗೆ ಗುರಿಪಡಿಸಬಾರದು ಎಂದು 64ಎ ಕಲಂ ಹೇಳುತ್ತದೆ. ಆದರೆ ಇದರ ಲಾಭ ಪಡೆಯಬೇಕಾದರೆ ಆತ ವ್ಯಸನಿಯಾಗಿರಬೇಕು. ವರ್ಷಕ್ಕೆ ಒಂದೆರಡು ಸಲ ಸೇದಿದವನಿಗೆ ಈ ಬಾಗಿಲು ತೆರೆಯುವುದಿಲ್ಲ. ಹೆಚ್ಚು ಚಟವಿದ್ದವನಿಗೆ ರಕ್ಷಣೆ, ಚಟವೇ ಇಲ್ಲದವನಿಗೆ ಶಿಕ್ಷೆ ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಿದೆ.

ಹಾಗೆಂದು ಗಾಂಜಾ ನಿರುಪದ್ರವಿ ಎನ್ನುವವರ ಜೊತೆ ನಾನಿಲ್ಲ. ಬಳಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಚಟವಾಗುತ್ತದೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಟಿಎಚ್‌ಸಿ ಎಂಬ ಅಮಲಿನ ಅಂಶ ಅಧಿಕವಾಗಿರುವ ಗಾಂಜಾವನ್ನು ಪ್ರತಿದಿನ ಸೇದುವವರಲ್ಲಿ ತೀವ್ರ ಮಾನಸಿಕ ಕಾಯಿಲೆಯ ಸಾಧ್ಯತೆ ಹಲವು ಪಟ್ಟು ಹೆಚ್ಚಿರುವುದನ್ನು ಯುರೋಪಿನ ಸಂಶೋಧನೆ ತೋರಿಸಿದೆ. ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ವರ್ಷದಲ್ಲಿ ಒಮ್ಮೆಯಾದರೂ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದವರು ಸುಮಾರು 3.1 ಕೋಟಿ, ಅವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವು ಬೇಕಾಗಿದೆ. ಈ 72 ಲಕ್ಷ ಜನರಿಗೆ ಬೇಕಿರುವುದು ವೈದ್ಯರು. ಪೊಲೀಸರ ಭಯ ಅವರನ್ನು ವೈದ್ಯರಿಂದ ದೂರವಿಡುತ್ತದೆ ಎಂಬುದೇ ಸೇವನೆಯನ್ನು ಅಪರಾಧವಾಗಿಸುವುದರ ವಿರುದ್ಧ ನನ್ನ ಮುಖ್ಯ ತಕರಾರು.

ಇನ್ನು ಅಂಗಡಿಯ ಪ್ರಶ್ನೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಸಾರ್ವಜನಿಕವಾಗಿ 30 ಗ್ರಾಂ ಒಣ ಗಾಂಜಾ ಇಟ್ಟುಕೊಳ್ಳಬಹುದು. ಬಹುಪಾಲು ಬಳಕೆದಾರರು ಈಗ ಪರವಾನಗಿ ಇರುವ ಕಡೆಯೇ ಕೊಳ್ಳುತ್ತಾರೆ ಮತ್ತು ಗಾಂಜಾಕ್ಕಾಗಿ ಬಂಧನಗಳು ಕುಸಿದಿವೆ. ಇವೆರಡೂ ನಿಜವಾದ ಲಾಭಗಳು, ಅವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಆದರೆ ಅದೇ ದೇಶದೊಳಗಿನ ಎರಡು ಪ್ರಾಂತ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂಟಾರಿಯೊ ಖಾಸಗಿ ಅಂಗಡಿಗಳಿಗೆ ಅವಕಾಶ ಕೊಟ್ಟಿತು, ಅವು ಸಾವಿರದ ಸಂಖ್ಯೆ ದಾಟಿದವು. ಗಾಂಜಾ ಬೆರೆಸಿದ ಚಾಕೊಲೇಟ್, ಮೆತ್ತನೆಯ ಮಿಠಾಯಿಗಳೂ ಕಪಾಟಿಗೆ ಬಂದವು. ಕ್ವಿಬೆಕ್ ಮಾರಾಟವನ್ನು ಸರ್ಕಾರಿ ಸಂಸ್ಥೆಯ ಕೈಯಲ್ಲೇ ಇಟ್ಟುಕೊಂಡಿತು, ವಯೋಮಿತಿಯನ್ನು 21ಕ್ಕೆ ಏರಿಸಿತು, ಮಕ್ಕಳನ್ನು ಸೆಳೆಯುವಂತಹ ಮಿಠಾಯಿಗಳನ್ನು ಒಪ್ಪಲಿಲ್ಲ. ಗಾಂಜಾ ವಿಷಪ್ರಾಶನದಿಂದ ಪುಟ್ಟ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಪ್ರಮಾಣವು ಇಂತಹ ತಿನಿಸುಗಳನ್ನು ಮಾರಲು ಬಿಟ್ಟ ಒಂಟಾರಿಯೊದಂತಹ ಪ್ರಾಂತ್ಯಗಳಲ್ಲಿ ಕ್ವಿಬೆಕ್‌ಗಿಂತ ಬಹಳ ಹೆಚ್ಚಾಯಿತು. ಕಾನೂನುಬದ್ಧವಾದದ್ದು ಎರಡೂ ಕಡೆ ಒಂದೇ ವಸ್ತು. ಹಾನಿಯ ಪ್ರಮಾಣವನ್ನು ಬದಲಿಸಿದ್ದು ಮಾರಾಟದ ರೀತಿ. ಲಾಭಕ್ಕಾಗಿ ನಡೆಯುವ ವ್ಯಾಪಾರಕ್ಕೆ ವಾರಕ್ಕೊಮ್ಮೆ ಸೇದುವವನಿಂದ ಹೊಟ್ಟೆ ತುಂಬುವುದಿಲ್ಲ, ದಿನವೂ ಬರುವ ಗಿರಾಕಿಯೇ ಅದಕ್ಕೆ ಆಧಾರ. ಅಂತಹ ಗಿರಾಕಿಯೇ ಚಟಕ್ಕೆ ಬಿದ್ದವನು.

ನಮ್ಮ ರಾಜ್ಯ ಕ್ವಿಬೆಕ್‌ನ ದಾರಿ ಹಿಡಿಯುತ್ತದೆಂದು ನಂಬಲು ನನಗೆ ಆಧಾರ ಸಿಗುತ್ತಿಲ್ಲ. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿಯನ್ನು ನಿಷೇಧಿಸಿತು, ಅದರ ಜಾಗಕ್ಕೆ ಅಗ್ಗದ ಮದ್ಯ ಬಂದು ಕುಳಿತಿತು. ಇಂದು ಅಬಕಾರಿಯಿಂದ ಸರ್ಕಾರಕ್ಕೆ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಆದಾಯವಿದೆ. ಪ್ರತಿ ಬಜೆಟ್‌ನಲ್ಲೂ ಇಲಾಖೆಗೆ ಆದಾಯದ ಗುರಿ ನಿಗದಿಯಾಗುತ್ತದೆ. ಮದ್ಯ ಮಾರಾಟ ನಿಲ್ಲಿಸಿ ಎಂದು ಕೇಳುತ್ತಾ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರಲ್ಲಿ ಹೆಚ್ಚಿನವರು ಕೂಲಿ ಮಾಡಿ ಸಂಸಾರ ನಡೆಸುವವರು, ಗಂಡಂದಿರ ಕುಡಿತದಿಂದ ನಲುಗಿದವರು. ಅವರ ಕೂಗಿಗಿಂತ ಖಜಾನೆಯ ಲೆಕ್ಕವೇ ಮೇಲಾಯಿತು. ಒಮ್ಮೆ ಈ ಆದಾಯಕ್ಕೆ ಒಗ್ಗಿಹೋದ ಸರ್ಕಾರ ಗಾಂಜಾವನ್ನು ಬೇರೆ ಕಣ್ಣಿನಿಂದ ನೋಡೀತೇ? ಪರವಾನಗಿ ಪಡೆದು ಮಾರಿದರೆ ತೆರಿಗೆ ಬರುತ್ತದೆ ಎಂಬ ವಾದವನ್ನು ಬೆಂಬಲಿಗರು ಅನುಕೂಲವೆಂದು ಮುಂದಿಡುತ್ತಾರೆ. ನನಗೆ ಅತ್ಯಂತ ಆತಂಕ ಹುಟ್ಟಿಸುವುದು ಅದೇ ವಾದ.

ಥಾಯ್ಲೆಂಡ್‌ನ ಅನುಭವವೂ ನಮಗೆ ಹತ್ತಿರದ್ದೇ. ಅಲ್ಲಿ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು, ನಿಯಂತ್ರಿಸುವ ಸಮಗ್ರ ಕಾನೂನನ್ನು ಮಾತ್ರ ಮಾಡಲಿಲ್ಲ. ಸಾವಿರಾರು ಅಂಗಡಿಗಳು ತೆರೆದುಕೊಂಡವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಹೂವು ಮಾರಬಾರದೆಂದು ಸರ್ಕಾರ ಹಿಂದೆ ಸರಿಯಬೇಕಾಯಿತು. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಸೂಟ್‌ಕೇಸ್‌ಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹೈಡ್ರೊ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಗಾಂಜಾ) ಸಿಕ್ಕ ಸುದ್ದಿಗಳನ್ನು ನೀವೂ ಓದಿರುತ್ತೀರಿ.

ಹಾಗಾದರೆ ಮಾಡಬೇಕಾದದ್ದೇನು? ಪೋರ್ಚುಗಲ್ 2001ರಿಂದ ಅನುಸರಿಸುತ್ತಿರುವ ಕ್ರಮ ನನಗೆ ಒಪ್ಪಿಗೆಯಾಗುತ್ತದೆ. ಅಲ್ಲಿ ಮಾರಾಟ ಇಂದಿಗೂ ಅಪರಾಧ. ಸ್ವಂತ ಬಳಕೆಗೆಂದು ಹತ್ತು ದಿನಗಳಿಗೆ ಸಾಲುವಷ್ಟು ಇಟ್ಟುಕೊಂಡವನು ಕ್ರಿಮಿನಲ್ ನ್ಯಾಯಾಲಯಕ್ಕೆ ಹೋಗುವುದಿಲ್ಲ, ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರ ಸಮಿತಿಯೊಂದರ ಮುಂದೆ ಹಾಜರಾಗುತ್ತಾನೆ. ಚಟ ಇದ್ದವನಿಗೆ ಅವರು ಚಿಕಿತ್ಸೆಯ ದಾರಿ ತೋರಿಸುತ್ತಾರೆ. ನಮ್ಮಲ್ಲಿ ಇದಕ್ಕೆ, ಗಾಂಜಾ ಇಟ್ಟುಕೊಳ್ಳುವುದಕ್ಕೂ ಸೇವಿಸುವುದಕ್ಕೂ ಶಿಕ್ಷೆ ವಿಧಿಸುವ 20 ಮತ್ತು 27ನೇ ಕಲಂಗಳನ್ನು ಸಂಸತ್ತೇ ತಿದ್ದಬೇಕು. ಇದು ಅಸಾಧ್ಯದ ಮಾತೇನಲ್ಲ. ಸ್ವಂತ ಬಳಕೆಗೆಂದು ಇಟ್ಟುಕೊಂಡ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಸಲಹೆ ಮಾಡಿದ್ದು ವರದಿಯಾಗಿತ್ತು. ಮನೆಯಲ್ಲಿ ಮೂರು ಗಿಡ ಬೆಳೆಯಲು ಬಿಟ್ಟು, ಅಂಗಡಿಗಳನ್ನು ದೂರವಿಟ್ಟ ಜರ್ಮನಿಯ 2024ರ ಕಾನೂನನ್ನು ಅದರ ನಂತರ ಬೇಕಾದರೆ ಚರ್ಚಿಸೋಣ.

ತಿದ್ದುಪಡಿ ಬರುವವರೆಗೂ ಆಗಬಹುದಾದ ಕೆಲಸಗಳಿವೆ. ಜಪ್ತಿಯ ವೇಳೆ ಹೂವಿನ ತುದಿಯನ್ನು ಬೇರ್ಪಡಿಸಿಯೇ ತೂಗಬೇಕೆಂದು ರಾಜ್ಯದ ಪೊಲೀಸ್ ಇಲಾಖೆ ಸುತ್ತೋಲೆ ಹೊರಡಿಸಬಹುದು. ಸೇವನೆಯ ಆರೋಪ ಹೊತ್ತ ಪ್ರತಿಯೊಬ್ಬನಿಗೂ 64ಎ ಕಲಂನ ವಿಷಯವನ್ನು ಠಾಣೆಯಲ್ಲೇ ಬರವಣಿಗೆಯಲ್ಲಿ ತಿಳಿಸಬಹುದು. ನಿಮಗೆ ಪರಿಚಯದವರು ಯಾರಾದರೂ ಈಗಾಗಲೇ ಇಂತಹ ಪ್ರಕರಣದಲ್ಲಿ ಸಿಲುಕಿದ್ದರೆ, ಮೊದಲ ದಿನವೇ ತಪ್ಪೊಪ್ಪಿಕೊಳ್ಳುವ ಮುನ್ನ ವಕೀಲರೊಬ್ಬರಿಗೆ ಕಾಗದಪತ್ರಗಳನ್ನು ತೋರಿಸಲು ಹೇಳಿ; ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಉಚಿತ ವಕೀಲರಿಗಾಗಿ ಅರ್ಜಿ ಕೊಡಬಹುದು. ಚಟ ಬಿಡಬೇಕೆನ್ನುವವರು 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು, ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ನೇರವಾಗಿ ಹೋಗಬಹುದು.