ಇಂಪ್ಯಾಕ್ಟ್ ಫ್ಯಾಕ್ಟರ್ ಒಂದೇ ಸಾಲದು

ಸಾರ್ವಜನಿಕ ಆಡಳಿತದ ಜರ್ನಲ್ ಎಷ್ಟು ಪ್ರಭಾವಿ ಅಂತ ಅಳೆಯೋಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಹಿಂದಿನ 2 ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು (ಅಂದರೆ ಬೇರೆ ಬರಹಗಳು ಅವನ್ನು ಆಕರವಾಗಿ ಹೆಸರಿಸಿದ್ದನ್ನು) ಅದು ಆ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತದೆ, ಅಷ್ಟೇ. ಆದರೆ ಒಂದು ಆಡಳಿತ ಸುಧಾರಣೆಯ ಫಲ ಕಾಣೋಕೇ ವರ್ಷಗಳು ಬೇಕು, ಅಲ್ವಾ? ಅದರ ಮೇಲಿನ ಲೇಖನಕ್ಕೆ ಉಲ್ಲೇಖ ಬರೋದೂ ನಿಧಾನ. ಹಾಗಾಗಿ 5 ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರನ್ನೂ ನೋಡಿ. ಸ್ಕೋಪಸ್ ಎಂಬ ಉಲ್ಲೇಖಗಳ ದತ್ತಸಂಚಯದ ಇಂಥದ್ದೇ ಅಳತೆ ಸೈಟ್‌ಸ್ಕೋರ್ 4 ವರ್ಷಗಳ ಲೆಕ್ಕ ಹಿಡಿಯುತ್ತದೆ.

ಪುಸ್ತಕ, ಸರ್ಕಾರಿ ವರದಿಗಳಲ್ಲಿನ ಉಲ್ಲೇಖಗಳು ಗೂಗಲ್‌ನ ಸಂಶೋಧನಾ ಲೇಖನ ಹುಡುಕಾಟ ತಾಣವಾದ ಗೂಗಲ್ ಸ್ಕಾಲರ್‌ನಲ್ಲಿ ಜಾಸ್ತಿ ಸಿಗುತ್ತವೆ. ಅಲ್ಲಿ ಒಂದೇ ಉಲ್ಲೇಖ ಎರಡು ಸಲ ಎಣಿಕೆಯಾಗಿರಬಹುದು, ಕೂತು ಪರಿಶೀಲಿಸಿ.

ಮುಖ್ಯವಾಗಿ, ಸರಾಸರಿಯನ್ನು ಸುಮ್ನೆ ನಂಬಬೇಡಿ. ಒಂದೆರಡು ಜನಪ್ರಿಯ ಲೇಖನಗಳೇ ಅದನ್ನು ಏರಿಸಿಬಿಡುತ್ತವೆ. ಮಧ್ಯಾಂಕವನ್ನೂ (ಲೇಖನಗಳನ್ನು ಉಲ್ಲೇಖಗಳ ಸಂಖ್ಯೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ), ಜರ್ನಲ್ ತನ್ನನ್ನೇ ಉಲ್ಲೇಖಿಸಿದ ಪ್ರಮಾಣವನ್ನೂ ಪಕ್ಕದಲ್ಲೇ ಬರೆದಿಡಿ.